ದೇವರ ಪಟ ಅಳಿಸುವ ಶಿವರಂಜಿನಿ

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಗೆ ಇನ್ನೂ ಬೆಳಕು ಬಂದಿಲ್ಲ. ಈರುಳ್ಳಿ ತುಂಬಿದ ಲಾರಿ ಕೇರಳದ ಕಡೆಗೆ ಮುಖ ಮಾಡಿ ಗುರುಗುಡುತ್ತಿದೆ. ಮಂಡಿ ಮಾಲೀಕ ಶಾಂತಮಲ್ಲಪ್ಪನವರು ಮಾತ್ರ ಫೋನನ್ನು ಅಂಗೈಗೆ ಬಡಿಯುತ್ತಾ ನಿಂತಿದ್ದಾರೆ. ಆ ಕಡೆಯ ವ್ಯಾಪಾರಿ ಕಳಿಸಿದ ರೇಟು ತೆರೆದುಕೊಳ್ಳುತ್ತಲೇ ಇಲ್ಲ. ಕೊನೆಗೆ, ತಮ್ಮದೇ ಮಂಡಿಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಫೋನು ಸರಿಮಾಡುವ ಶಿವರಂಜಿನಿಯವರ ಮುಂದೆ ಅದನ್ನಿಟ್ಟು ಮುಖ ತಿರುಗಿಸುತ್ತಾರೆ.

"ನೀನೇ ಅಳಿಸ್ಬುಡು ಕಣಮ್ಮಿ. ನಾನು ನೋಡಲ್ಲ."

ಫೋನಿನ ತುಂಬ ವಾಟ್ಸಾಪಿನಲ್ಲಿ ಬಂದ ಶುಭೋದಯದ ದೇವರ ಪಟಗಳು. ಸೋಮವಾರದ ಶಿವ, ಶನಿವಾರದ ಆಂಜನೇಯ. ಹುಲಿಯ ಮೇಲೆ ಕೂತ ಮಾದಪ್ಪನಿಗಂತೂ ಲೆಕ್ಕವೇ ಇಲ್ಲ. ಅಳಿಸದಿದ್ದರೆ ಫೋನು ಅಲುಗುವುದಿಲ್ಲ, ಅಳಿಸಿದರೆ ದೋಷ. ಅದಕ್ಕೇ ಈ ಪೇಟೆ ಸುಲಭದ ದಾರಿ ಹುಡುಕಿಕೊಂಡಿದೆ: ದೋಷವನ್ನು ಶಿವರಂಜಿನಿಯವರ ತಲೆಗೆ ಕಟ್ಟುವುದು. ಅವರು ಒತ್ತುತ್ತಾರೆ, ಇವರು ಫೋನನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ.

"ಮಾದಪ್ಪ ನಮ್ಗೂ ಮನೆದೇವ್ರೇ ಕನ ಸಾ" ಎನ್ನುತ್ತಾರೆ ಶಿವರಂಜಿನಿ ನನಗೆ, ತಲೆಯೆತ್ತದೆ. "ಒಂದೊಂದು ಪಟಕ್ಕೂ ಒಳಗೊಳಗೇ ತಪ್ಪಾಯ್ತಪ್ಪಾ ಅಂದ್ಕತೀನಿ."

ಊರು ಚಂದಕವಾಡಿ. ಚಾಮರಾಜನಗರದ ಮೊಬೈಲ್ ಅಂಗಡಿಯೊಂದರಲ್ಲಿ ಫೋನಿಗೆ ಗಾಜು ಅಂಟಿಸುತ್ತಾ ಕೆಲಸ ಕಲಿತರು. ಆ ಅಂಗಡಿ ಬಾಗಿಲು ಹಾಕಿದಾಗ ಇಲ್ಲಿಗೆ ಬಂದರು. ಪತಿ ರಂಗರಾಜು ಇದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು, ಈಗ ಸೊಂಟ ಹಿಡಿದು ಮನೆಯಲ್ಲಿದ್ದಾರೆ. ಸಂಸಾರ ನಡೆಯುವುದು ಈ ಮೇಜಿನಿಂದಲೇ. ಬೆಳಗ್ಗೆ ಐದಕ್ಕೆ ಕೂತರೆ ಮಧ್ಯಾಹ್ನದೊಳಗೆ ಇಪ್ಪತ್ತು, ಸಂತೆಯ ದಿನ ಮೂವತ್ತು ಫೋನು.

"ಮೊದ್ಲು ಆ ಕ್ಲೀನರ್ ಆ್ಯಪ್ ಕಿತ್ತಾಕ್ತೀನಿ ಸಾ. ಗುಡ್ಸೋಕೆ ಬಂದೋಳು ಮನೇಲೇ ಹಾಸ್ಕಂಡು ಮಲಗ್ದಂಗೆ ಅದು. ಆಮೇಲೆ ಮುಟ್ದೇ ಇರೋ ಆ್ಯಪುಗಳು, ಅವು ಗುಡ್ಡೆ ಹಾಕಿರೋ ಕಸ. ಒಸಿ ಜಾಗ ಖಾಲಿ ಇರ್ಬೇಕು, ಇಲ್ದಿದ್ರೆ ಎಂಥಾ ಫೋನೂ ತಡವರಿಸ್ತದ. ಪಟ ತಾನಾಗೇ ಇಳಿಯೋದ್ನೂ ನಿಲ್ಲಿಸ್ಕೊಡ್ತೀನಿ. ಮಾರ್ನೆ ದಿನ 'ದೇವ್ರು ಬತ್ತಾ ಇಲ್ಲ' ಅಂತ ಅವ್ರೇ ಬಂದು ಮತ್ತೆ ಆನ್ ಮಾಡಿಸ್ಕಂಡು ಓಯ್ತರೆ!"

ಕಳೆದ ತಿಂಗಳು ಶಾಂತಮಲ್ಲಪ್ಪನವರ ತಾಯಿ ಚಿಕ್ಕಮಲ್ಲಮ್ಮನವರೂ ಇಲ್ಲೇ ಪಟ ಅಳಿಸಿ ಫೋನು ಹಗುರ ಮಾಡಿಸಿಕೊಂಡರು. ಮರುದಿನ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿಯಿತು. ಬಚ್ಚಲ ಪಾಚಿಯನ್ನು ಯಾರೂ ಬೈಯಲಿಲ್ಲ. ಅಮಾವಾಸ್ಯೆಯೊಳಗೆ ಮೇಜು ಎತ್ತಬೇಕೆಂದು ಶಿವರಂಜಿನಿಯವರಿಗೆ ಹೇಳಿಯಾಗಿದೆ. ಸಾಲಿನ ಬೇರೆ ಜಗಲಿಗಳವರೂ ಜಾಗ ಕೊಡಲಾಗುವುದಿಲ್ಲ ಎಂದಿದ್ದಾರೆ. ಹಾಗೆಂದು ಫೋನು ತಂದಿಡುವುದನ್ನು ಒಬ್ಬರೂ ನಿಲ್ಲಿಸಿಲ್ಲ, ಎಬ್ಬಿಸುತ್ತಿರುವ ಯಜಮಾನರೂ ಸೇರಿದಂತೆ.

ಯಾಕೆ ಎಬ್ಬಿಸುತ್ತೀರಿ ಎಂದು ಅವರನ್ನೇ ಕೇಳುತ್ತೇನೆ. "ಹೆಣ್ಮಗು ಒಳ್ಳೇದೇ. ಕೆಲ್ಸಾನೂ ಚೊಕ್ಕ. ಆದ್ರೂ ದೇವ್ರ ವಿಚಾರ ನೋಡಿ" ಎನ್ನುತ್ತಾ ಶಾಂತಮಲ್ಲಪ್ಪನವರು ಈಗ ಚುರುಕಾದ ಫೋನಿನಲ್ಲಿ ರೇಟು ಓದಿ, ಲಾರಿಗೆ ಕೈ ಬೀಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಶಿವರಂಜಿನಿಯವರಿಗೆ ಉರಿಯುವಷ್ಟು ಪುರುಸೊತ್ತಿಲ್ಲ, ಮುಂದಿನ ಫೋನು ಬಂದಿದೆ.

ನಿಮ್ಮ ಆಸೆ ಏನು ಎಂದರೆ ಬಂದ ಫೋನಿನ ಕವಚ ಬಿಚ್ಚುತ್ತಾರೆ. "ದೊಡ್ಡದೇನಿಲ್ಲ ಸಾ. ನಾನು ಒತ್ತೋವಾಗ ಫೋನು ತಂದೋರು ಒಂದ್ಸಲನಾರ ಪಕ್ಕದಲ್ಲಿ ನಿಂತ್ಕಂಡು ನೋಡ್ಲಿ."

ಮಾರುಕಟ್ಟೆಯವರ ವಾಟ್ಸಾಪ್ ಗ್ರೂಪಿದೆಯಲ್ಲ, ಅಲ್ಲಿ ನಿಮ್ಮ ಮಾತು ಹೇಳಬಹುದಿತ್ತಲ್ಲ ಎನ್ನುತ್ತೇನೆ.

"ಇದ್ದೆ ಸಾ ಅದ್ರಲ್ಲಿ. ಅಜ್ಜಿ ಬಿದ್ದ ದಿನ ಸಂಜೆಗೇ ತೆಗೆದಾಕ್ಬುಟ್ರು" ಎಂದು ಎದುರಿಗಿದ್ದ ಫೋನಿನ ಗಾಜು ಒರೆಸುತ್ತಾರೆ. "ದೇವ್ರನ್ನ ಅಳ್ಸೋಕೆ ನಾನೇ ಬೇಕಾಗಿತ್ತು. ನನ್ನ ಅಳ್ಸೋಕೆ ಯಾರ್ನೂ ಕರೀನಿಲ್ಲ ಸಾ, ಅವ್ರೇ ಒತ್ತುದ್ರು."