ಭಾಗೀರಥಿ ಅಕ್ಕನ ಬಾರ್ಮತ್ ಪ್ರವಾಸ

ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಿನ ಕನ್ನಡದ ಹೆಂಗಸರು ಕಟ್ಟಿಕೊಂಡಿರುವ ಗೆಳತಿಯರ ಬಳಗದೊಳಗೆ ಗಂಡಸರು ಕಾಲಿಡುವಂತಿಲ್ಲ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ಅವತ್ತು ಆ ಮನೆಯ ಗಂಡ ಮಕ್ಕಳನ್ನು ಕರೆದುಕೊಂಡು ಪಾರ್ಕಿಗೋ ಈಜುಕೊಳಕ್ಕೋ ತೊಲಗಬೇಕು. ನಾವು ಅದನ್ನು ಹರಟೆ ಮಂಡಳಿ ಎಂದು ಆಡಿಕೊಳ್ಳುತ್ತೇವೆ, ಬರೀ ಹೊಟ್ಟೆಕಿಚ್ಚಿನಿಂದ. ಅಂಥದೊಂದನ್ನು ಕಟ್ಟಿಕೊಳ್ಳುವ ಯೋಗ್ಯತೆ ನಮಗಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದರಲ್ಲಿ ಹೆಚ್ಚಿನದು ನನ್ನ ಹೆಂಡತಿ ಉಷಾ ಹೇಳಿದ್ದು, ಸಿಟ್ಟು ಮಾತ್ರ ನನ್ನದು.

ಆ ಬಳಗವನ್ನು ಶುರು ಮಾಡಿದವರು ಭಾಗೀರಥಿ ಅಕ್ಕ, ದಾವಣಗೆರೆಯವರು. ಗಂಡ ಡಾಕ್ಟರ್ ಲಕ್ಷ್ಮೀನಾರಾಯಣ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸದಲ್ಲಿದ್ದರು. ರಾತ್ರಿ ಡ್ಯೂಟಿ, ಹಗಲು ನಿದ್ದೆ. ಒಂದು ಲೀಟರ್ ಹಾಲು ತರಬೇಕಾದರೂ ಅವರು ಏಳುವುದನ್ನೇ ಕಾಯುತ್ತ ಕೂರಬೇಕಿತ್ತಂತೆ. ಅಕ್ಕ ಬೇಸತ್ತು ಡ್ರೈವಿಂಗ್ ಕಲಿತರು. ಮಕ್ಕಳಾಗಲಿಲ್ಲ, ಗಂಡನೂ ಬೇಗ ಹೋದರು. ಅಕ್ಕ ಅಳುತ್ತ ಕೂರುವ ಪೈಕಿಯಲ್ಲ. ಏಳು ಸೀಟಿನ ದೊಡ್ಡ ಕಾರು ಕೊಂಡರು.

ಒಬ್ಬರೇ ಇರುವವರಿಗೆ ಏಳು ಸೀಟು ಯಾಕೆ ಎಂದು ನಾನೇ ಒಮ್ಮೆ ತಮಾಷೆ ಮಾಡಿದ್ದೆ. ಉತ್ತರ ಊರಿಗೆಲ್ಲ ಗೊತ್ತಿತ್ತು. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿಯರನ್ನು ಲೆಸ್ಟರಿಗೆ ಕರೆದೊಯ್ದು ಕರಿಬೇವು, ಬೇಳೆ, ಕುಕ್ಕರಿನ ಗ್ಯಾಸ್ಕೆಟ್ ಕೊಡಿಸುವುದು ಅವರು. ಜಿಪಿ ಡಾಕ್ಟರ ಹತ್ತಿರ ಬಾಯಿ ಬಿಡಲು ಹೆದರುವವರ ಜೊತೆ ಹೋಗಿ ಪಕ್ಕದಲ್ಲಿ ಕೂರುವುದು ಅವರು. ನಾನು ಲೀಡ್ಸಿನಲ್ಲಿ ಯಾವುದೋ ಕೆಲಸಕ್ಕೆ ಬಾರದ ಮೀಟಿಂಗಿನಲ್ಲಿ ಕೂತಿದ್ದಾಗ ಉಷಾಗೆ ಹೆರಿಗೆ ನೋವು ಬಂತು. ಅವಳನ್ನು ಆಸ್ಪತ್ರೆಗೆ ಸೇರಿಸಿ, ನಮ್ಮ ಅಮೂಲ್ಯಾ ಹುಟ್ಟುವ ತನಕ ಕೈ ಹಿಡಿದು ನಿಂತವರು ಭಾಗೀರಥಿ ಅಕ್ಕ. ಅವತ್ತಿನಿಂದ ಉಷಾಗೆ ಅವರು ಅಕ್ಕನಿಗಿಂತ ಹೆಚ್ಚು.

ವರ್ಷಕ್ಕೊಮ್ಮೆ ಬಳಗದವರು ವೇಲ್ಸಿನ ಕಡಲ ತೀರದ ಬಾರ್ಮತ್‌ಗೆ ಹೋಗುತ್ತಾರೆ. ಬೆಳಗ್ಗೆ ಎಲ್ಲರೂ ಅಕ್ಕನ ಗೇಟಿನ ಮುಂದೆ ಸೇರಬೇಕು, ಅಲ್ಲಿಂದ ಹೊರಡಬೇಕು. ಒಬ್ಬಳು ಪುಳಿಯೋಗರೆ, ಒಬ್ಬಳು ಕೋಸಂಬರಿ ತಂದರೆ, ಮೊಸರನ್ನ ಮಾತ್ರ ಅಕ್ಕನದೇ. ಅಕ್ಕನ ಕಟ್ಟುನಿಟ್ಟಿನ ಕಾನೂನೂ ಒಂದಿತ್ತು: ಗಾಡಿ ಓಡಿಸುವವರಿಗೆ ಯಾರೂ ಫೋನ್ ಮಾಡಕೂಡದು. ಮಾಡಿದವರಿಗೆ ಇಳಿದ ಮೇಲೆ ಚೆನ್ನಾಗಿ ಉಗಿಯುತ್ತಿದ್ದರು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಅಕ್ಕನ ಕಣ್ಣು ಕೆಟ್ಟಿತು. ನೋಟದ ಸುತ್ತಂಚು ಉಳಿದು ನಡುಭಾಗ ಅಳಿಸಿಹೋಗುವ ಕಾಯಿಲೆ. ಕಣ್ಣಿಗೇ ಇಂಜೆಕ್ಷನ್ ಕೊಟ್ಟರೂ ಪೂರ್ತಿ ನಿಲ್ಲಲಿಲ್ಲ. ಅಕ್ಕ ಲೈಸೆನ್ಸ್ ವಾಪಸ್ ಕಳಿಸಿದರು, ಕಾರು ಮಾರಿದರು, ಯಾರ ಎದುರೂ ಗೋಳಾಡಲಿಲ್ಲ. ಉಷಾ ಒಬ್ಬಳ ಹತ್ತಿರ ಮಾತ್ರ ಒಂದು ಆಸೆ ಹೇಳಿಕೊಂಡರು.

"ಬಿಸಿಲಿದ್ರೆ ಇನ್ನೂ ಮುಖ ಕಾಣುತ್ತೆ ಕಣೇ, ಮನೆಯೊಳಗೆ ಆಗಲ್ಲ. ಮುಂದಿನ ವರ್ಷಕ್ಕೆ ಬಿಸಿಲಲ್ಲೂ ಕಾಣಲ್ಲ ಅಂದಿದಾರೆ ಡಾಕ್ಟ್ರು. ಬಾರ್ಮತ್‌ಗೆ ಹೋಗೋಣ. ನಿಮ್ಮೆಲ್ಲರ ಮುಖ ಒಂದ್ಸಲ ಕಣ್ತುಂಬ ನೋಡ್ಬೇಕು."

ಉಷಾ ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಪ್ರವಾಸದ ಏರ್ಪಾಡಿಗೆ ನಿಂತಳು. ಹೋದ ವರ್ಷ ಸೆಪ್ಟೆಂಬರಿನ ಮೊದಲ ಶನಿವಾರ, ಮೂರು ಕಾರು, ಯಾರ ಕಾರಿನಲ್ಲಿ ಯಾವ ಮಗು, ಯಾರು ಯಾವ ಅಡುಗೆ, ಎಲ್ಲ ತೀರ್ಮಾನವಾಯಿತು. ಅಕ್ಕನ ಕಾರು ಇರಲಿಲ್ಲವಾದ್ದರಿಂದ ಅವರ ಗೇಟಿನ ಮುಂದೆ ಸೇರುವ ಪದ್ಧತಿ ತಾನಾಗಿಯೇ ಬಿಟ್ಟುಹೋಯಿತು. ಅವರವರ ಮನೆಯಿಂದಲೇ ಹೊರಟು ಬಾರ್ಮತ್‌ನಲ್ಲಿ ಸೇರುವುದು ಎಂದಾಯಿತು.

ಅಕ್ಕನ ಬೀದಿಯಲ್ಲೇ ಇರುವ ಶ್ರೀಲಕ್ಷ್ಮಿ ಅವರನ್ನು ಕರೆತರುತ್ತಾಳೆ ಎಂದು ಉಷಾ ತಿಳಿದಳು. ಉಷಾಗೆ ಅಕ್ಕ ಎಂದರೆ ಪ್ರಾಣ, ಅವಳೇ ಕರೆತರುತ್ತಾಳೆ ಎಂದು ಶ್ರೀಲಕ್ಷ್ಮಿ ತಿಳಿದಳು. ಮೂರನೆಯ ಕಾರಿನ ಸಂಯುಕ್ತಾ ಏನನ್ನೂ ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಒಬ್ಬರನ್ನೊಬ್ಬರು ಕೇಳಬಹುದಿತ್ತು. ಇಷ್ಟು ವರ್ಷ ಇವರನ್ನೆಲ್ಲ ಮನೆಬಾಗಿಲಿನಿಂದ ಹತ್ತಿಸಿಕೊಂಡು, ಮನೆಬಾಗಿಲಲ್ಲೇ ಇಳಿಸಿದ ಹೆಂಗಸು ಹೇಗೆ ಬರುತ್ತಾಳೆ ಎಂಬ ಮಾತು ಇವರಲ್ಲಿ ಒಬ್ಬಳ ಬಾಯಿಂದಲೂ ಹೊರಡಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವತ್ತು ಬಾರ್ಮತ್‌ನಲ್ಲಿ ಒಳ್ಳೆಯ ಬಿಸಿಲು. ಕಾರುಗಳು ಹಿಂದೆ ಮುಂದೆ ಬಂದವು. ಪಾರ್ಕಿಂಗ್ ಹುಡುಕುವುದು, ಮಕ್ಕಳಿಗೆ ಟಾಯ್ಲೆಟ್ ಹುಡುಕುವುದು, ನೀರಿಗೆ ಓಡಿದವರನ್ನು ಎಳೆದು ತರುವುದು, ಇದರಲ್ಲೇ ಹೊತ್ತು ಹೋಯಿತು. ಮರಳಿನ ಮೇಲೆ ಜಮಖಾನ ಹಾಸಿ ಡಬ್ಬಿಗಳನ್ನು ಬಿಚ್ಚುವಾಗ ಶ್ರೀಲಕ್ಷ್ಮಿ, "ಮೊಸರನ್ನ ಯಾರ ಕಾರಲ್ಲಿದೆ?" ಎಂದಳು.

ಉಷಾ ಎದ್ದು ಸುತ್ತ ನೋಡಿದಳು, ಫೋನ್ ಹಚ್ಚಿದಳು.

ಅಕ್ಕನ ದನಿ ಎಂದಿನಂತೆಯೇ ಇತ್ತು. ಬೆಳಗ್ಗೆಯಿಂದ ತಲೆಸುತ್ತು, ಮಲಗಿಬಿಟ್ಟೆ, ನಿಮಗೊಂದು ಮಾತು ಹೇಳುವುದೇ ಮರೆತುಹೋಯಿತು, ಮಕ್ಕಳನ್ನು ಅಲೆಗಳ ಹತ್ತಿರ ಬಿಡಬೇಡಿ ಎಂದರು. ಎಲ್ಲರಿಗೂ ಉಸಿರು ಬಂದಂತಾಯಿತು. ಸಂಯುಕ್ತಾಗಂತೂ ಸ್ವಲ್ಪ ಕೋಪವೇ ಬಂತು, ಒಂದು ಮೆಸೇಜ್ ಹಾಕಲು ಏನು ಕಷ್ಟವಿತ್ತು ಎಂದು. ಪುಳಿಯೋಗರೆ ತಿಂದರು, ಆಡಿದರು, ಸಂಜೆ ಹೊರಟರು.

ಮರುದಿನ ಉಷಾ ವೆಲ್ಶ್ ಕೇಕಿನ ಪೊಟ್ಟಣ ಹಿಡಿದುಕೊಂಡು ಅಕ್ಕನ ಮನೆಗೆ ಹೋದಳು. ಎದುರು ಮನೆಯ ಮುದುಕ ಹೂಗಿಡಗಳಿಗೆ ನೀರು ಹಾಕುತ್ತಿದ್ದ. ಅವನು ಉಷಾಳನ್ನು ನಿಲ್ಲಿಸಿ, ನಿನ್ನೆ ನಿಮ್ಮ ಗೆಳತಿ ಕೋಟು ಹಾಕಿಕೊಂಡು ಬುಟ್ಟಿ ಸಮೇತ ಗೇಟಿನ ಪಕ್ಕದ ಗೋಡೆಯ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದರು, ಯಾರೂ ಬರಲಿಲ್ಲವಲ್ಲ, ಎಲ್ಲ ಸೌಖ್ಯವೇ ಎಂದು ಕೇಳಿದ. ನಾನು ಟೀ ತಂದುಕೊಟ್ಟರೆ, ಈಗ ಬಂದುಬಿಡುತ್ತಾರೆ ಎಂದು ಕುಡಿಯಲಿಲ್ಲ ಎಂದೂ ಹೇಳಿದ.

ಉಷಾ ಒಳಗೆ ಹೋಗಿ ಅಕ್ಕನ ಕಾಲ ಬಳಿ ಕುಸಿದಳು.

"ಯಾಕಕ್ಕ ಒಂದ್ ಫೋನ್ ಮಾಡ್ಲಿಲ್ಲ?"

"ನೀನು ಡ್ರೈವ್ ಮಾಡ್ತಿರ್ತೀಯ ಅಂದ್ಕೊಂಡೆ ಕಣೇ. ಮಕ್ಕಳು ಬೇರೆ ಇರ್ತವೆ ಗಾಡೀಲಿ."

ಬೈದಿದ್ದರೆ ಉಷಾ ಬದುಕಿಕೊಳ್ಳುತ್ತಿದ್ದಳು. ಅಕ್ಕ ಬೈಯಲಿಲ್ಲ, ಯಾರಿಗೂ ಹೇಳಬೇಡ, ನೊಂದುಕೊಳ್ಳುತ್ತಾರೆ ಎಂದರು. ಬರುವ ಶನಿವಾರವೇ ಹೋಗೋಣ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಉಷಾ ಹಟ ಹಿಡಿದಳು. ಅಕ್ಕ ಆಗಲಿ ಎಂದರು. ಆ ಶನಿವಾರ ಮಳೆ ಜಡಿಯಿತು. ಆಮೇಲೆ ಗಣೇಶನ ಹಬ್ಬದ ಕಾರ್ಯಕ್ರಮ, ಅಮೂಲ್ಯಾಳ ಪರೀಕ್ಷೆ, ನನ್ನ ಪ್ರಾಜೆಕ್ಟು. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ ಬಂತು, ನಾಲ್ಕು ಗಂಟೆಗೇ ಕತ್ತಲು. ಆ ಚಳಿಗಾಲ ಬಳಗದವರು ಅಕ್ಕನ ಮನೆಗೆ ಪಾಳಿಯ ಮೇಲೆ ಊಟ ಒಯ್ದರು, ಔಷಧಿ ಹಾಕಿದರು, ಕೊರತೆ ಮಾಡಲಿಲ್ಲ. ಬಿಸಿಲೊಂದನ್ನು ತಂದುಕೊಡಲು ಅವರಿಂದ ಆಗಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಬಾರ್ಮತ್‌ಗೆ ಹೊರಟಾಗ ಮೂರೂ ಕಾರುಗಳು ಅಕ್ಕನ ಗೇಟಿಗೇ ಬಂದು ನಿಂತವು. ನನ್ನ ಕಾರಿಗೆ, ನನ್ನ ಕಾರಿಗೆ ಎಂದು ಎಳೆದಾಟವಾಯಿತಂತೆ. ಉಷಾ ಬಿಟ್ಟುಕೊಡಲಿಲ್ಲ. ಕಡಲ ದಂಡೆಯ ಬೆಂಚಿನ ಮೇಲೆ ಅಕ್ಕನನ್ನು ಕೂರಿಸಿ, ಗಾಡಿ ನಿಲ್ಲಿಸಿ ಬರುತ್ತೇನೆ ಎಂದು ಹೋದಳು. ಉಳಿದವರು ಒಬ್ಬೊಬ್ಬರಾಗಿ ಅಕ್ಕನ ಮುಂದೆ ಬಗ್ಗಿ, ನಾನು ಶ್ರೀಲಕ್ಷ್ಮಿ ಅಕ್ಕ, ನಾನು ಸಂಯುಕ್ತಾ ಅಕ್ಕ ಎಂದು ಹೆಸರು ಹೇಳಿದರು. ಅಕ್ಕ ಅವರ ಕೆನ್ನೆ ಸವರಿ ಕಳಿಸಿದರು.

ಉಷಾ ವಾಪಸ್ ಬರುವಾಗ ಅವರೆಲ್ಲ ನೀರಿನಂಚಿನಲ್ಲಿ ಬೆಂಚಿಗೆ ಎದುರಾಗಿ ನಿಂತಿದ್ದರು. ಒಬ್ಬೊಬ್ಬರ ಮುಖದ ಮೇಲೂ ಬಿಸಿಲಿತ್ತು. ಅಕ್ಕ ಆ ಕಡೆಗೇ ಮುಖ ಮಾಡಿ ಸುಮ್ಮನೆ ನಗುತ್ತ ಕೂತಿದ್ದರು. ಗಾಳಿಗೆಂದು ನನ್ನ ದೊಡ್ಡ ಜಾಕೆಟ್ ಹಾಕಿಕೊಂಡಿದ್ದಳು. ಮಾತಾಡಿದರೆ ಅಳು ಬರುತ್ತದೆ ಎಂದು ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಳು.

ಅಕ್ಕ ತಮ್ಮ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡು ಜಾಗ ಬಿಟ್ಟರು. ಯಾರೋ ಆ ಊರಿನವರು ಇರಬೇಕೆಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ, "ಲವ್ಲಿ ಡೇ, ಇಸಂಟ್ ಇಟ್?" ಎಂದರು. ತನ್ನ ಗೆಳತಿ ಕಾರು ನಿಲ್ಲಿಸಲು ಹೋಗಿದ್ದಾಳೆ, ಈಗ ಬಂದುಬಿಡುತ್ತಾಳೆ ಎಂದೂ ಹೇಳಿದರು. ಉತ್ತರ ಬಾರದ್ದಕ್ಕೆ ಅಕ್ಕ ಬೆಂಚಿನ ಆಚೆ ತುದಿಗೆ ಇನ್ನಷ್ಟು ಸರಿದು, ಉಷಾ ಬರುವ ದಾರಿಯ ಕಡೆಗೆ ತಿರುಗಿ ಕೂತರು.