ಇಷ್ಟೇ ಉದ್ದ, ಅಷ್ಟೇ ಸಡಿಲ

ಜಯನಗರ ಒಂಬತ್ತನೇ ಬ್ಲಾಕಿನ ಒಂದು ಅಡ್ಡರಸ್ತೆಯಲ್ಲಿ ನಾಗಲಕ್ಷ್ಮಮ್ಮನವರ ಹೊಲಿಗೆ ಅಂಗಡಿ ಇದೆ. ಮುಂದೆ ಒಂದು ಕೌಂಟರು, ಅದರ ಹಿಂದೆ ಪರದೆ, ಪರದೆಯ ಆಚೆ ಎರಡು ಮಷೀನು. ಆರು ವರ್ಷದಿಂದ ಉಮಾಶ್ರೀ ಪರದೆಯ ಆಚೆಯವಳೇ. ಗಂಡ ಬಸವಂತನ ಜೊತೆ ಮುಧೋಳದ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗೆ ಇದ್ದವಳು. ಮಗಳು ಗಂಗಾ ಮೂರನೇ ಕ್ಲಾಸು. ಉಮಾಶ್ರೀ ಕೂರಿಸಿದ ತೋಳಿನಲ್ಲಿ ಒಂದು ಸುಕ್ಕೂ ಬೀಳುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಹೊಗಳುತ್ತಿದ್ದುದು ಮಾತ್ರ ನಾಗಲಕ್ಷ್ಮಮ್ಮನವರನ್ನು. ಇವಳ ಮುಖ ನೋಡಿದವರೇ ಕಡಿಮೆ.

ಈ ವರ್ಷ ನಾಗಲಕ್ಷ್ಮಮ್ಮನವರ ಮಂಡಿ ಕೈಕೊಟ್ಟಿತು. ಹನುಮಂತನಗರದಿಂದ ಬಸ್ಸು ಹತ್ತಿ ಇಳಿದು ಬರುವುದೇ ದೊಡ್ಡದು, ಅದರ ಮೇಲೆ ದಿನವಿಡೀ ನಿಂತು ಗಿರಾಕಿಗಳ ಜೊತೆ ಮಾತಾಡುವುದು ಇನ್ನು ಆಗದ ಕೆಲಸ.

"ನೋಡು ಉಮಾ, ನಾನು ಒಳಗೆ ಕೂತ್ಕೊಂಡು ಕಟಿಂಗ್ ಮಾಡ್ತೀನಿ. ಕೌಂಟರ್ ನೀನು ನೋಡ್ಕೋಬೇಕು. ಈ ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಅಂಗಡಿ ಖಾಲಿ ಮಾಡ್ತೀನಿ ಅಂತ ಓನರ್ ಸಂಜೀವಯ್ಯನವರಿಗೆ ಹೇಳ್ಬಿಟ್ಟಿದೀನಿ."

"ನನಗ ಇಂಗ್ಲಿಷ್ ಬರಂಗಿಲ್ಲಲ್ರೀ ಅಮ್ಮಾರ."

"ನಂಗೇನು ಬರುತ್ತೇ? 'ಯೆಸ್ ಮೇಡಂ, ಥರ್ಸ್‌ಡೇ ಮೇಡಂ' ಅಂತ ಇಪ್ಪತ್ತು ವರ್ಷ ತಳ್ಳಿಲ್ವಾ?"

ಮೊದಲ ವಾರ ಹೇಗೋ ನಡೆಯಿತು. ಈ ಕಡೆ ಟೇಪಿಗಿಂತ ಅಳತೆ ಬ್ಲೌಸಿನ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ. ಮೈಗೆ ಸರಿಯಾಗಿ ಕೂತ ಒಂದು ಹಳೆಯ ಬ್ಲೌಸನ್ನು ಹೊಸ ಬಟ್ಟೆಯ ಜೊತೆ ಇಟ್ಟು ಹೋದರೆ ಮುಗಿಯಿತು, ಉದ್ದ ಅಗಲದ ಮಾತೆಲ್ಲ ಅದೇ ಆಡುತ್ತದೆ. ಉಮಾಶ್ರೀ ಚೀಟಿ ಬರೆದು ಪಿನ್ನು ಚುಚ್ಚಿದರಾಯಿತು.

ಎರಡನೇ ವಾರ ಇಂದ್ರಾಣಿ ಎನ್ನುವವರು ಬಂದರು. ಕೋಲ್ಕತ್ತಾದ ಕಡೆಯವರು, ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಮನೆ, ಕನ್ನಡ ಬಾರದು. ಮುಂದಿನ ಭಾನುವಾರ ಮಗುವಿಗೆ ಮೊದಲ ಸಲ ಅನ್ನ ತಿನ್ನಿಸುವ ಶಾಸ್ತ್ರವಂತೆ. ಕೆಂಪು ರೇಷ್ಮೆಯ ಬ್ಲೌಸ್ ಪೀಸಿನ ಮೇಲೆ ಒಂದು ಹಳೆಯ ಬ್ಲೌಸ್ ಇಟ್ಟು, "ಸೇಮ್ ಆಸ್ ದಿಸ್," ಎಂದರು.

ಉಮಾಶ್ರೀಯ ಕಣ್ಣಿಗೆ ಮೊದಲು ಬಿದ್ದದ್ದು ಅವರ ಹೆಗಲ ಮೇಲಿದ್ದ ಹಾಲಿನ ಕಲೆ. ಆಮೇಲೆ ಅಳತೆ ಬ್ಲೌಸಿನ ಸಣ್ಣ ತೋಳು. ಮದುವೆಯ ಹೊತ್ತಿಗೆ ಹೊಲಿಸಿದ್ದಿರಬೇಕು. ಇದು ಈ ಮೈಗೆ ಆಗುವುದಿಲ್ಲ ಎಂದು ಅವಳ ಕೈಗೆ ಆಗಲೇ ಗೊತ್ತಾಯಿತು. ಆದರೆ ಅದನ್ನು ಕೇಳುವುದು ಹೇಗೆ? ಅವಳಿಗೆ ಬರುತ್ತಿದ್ದ ಒಂದೇ ಒಂದು ಮಾತು 'ಫ್ಯಾಟ್'. ಅದನ್ನು ಬಾಣಂತಿಯ ಮುಂದೆ ಆಡುವುದುಂಟೇ?

"ಓಕೆ ಮೇಡಂ. ಥರ್ಸ್‌ಡೇ," ಎಂದುಬಿಟ್ಟಳು.

ಗುರುವಾರ ಇಂದ್ರಾಣಿ ಬ್ಲೌಸು ಹಿಡಿದು ಪರದೆಯ ಹಿಂದೆ ಹೋದರು. ಬಹಳ ಹೊತ್ತು ಸದ್ದಿಲ್ಲ. ಹುಕ್ಕಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ತಪ್ಪು ನಿಮ್ಮದಲ್ಲ ಎಂಬ ಅರ್ಥದಲ್ಲಿ ಏನೋ ಹೇಳಿ, ಬ್ಲೌಸನ್ನು ಕೌಂಟರಿನ ಮೇಲೆ ಬಿಟ್ಟು ಹೊರಟುಹೋದರು.

"ಅಳತೆ ಬ್ಲೌಸ್ ಕೊಟ್ಟಿದ್ದು ಅವರು. ಕೊಟ್ಟಂಗೆ ಹೊಲ್ದಿದೀಯ. ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ?" ಎಂದರು ನಾಗಲಕ್ಷ್ಮಮ್ಮ.

"ನನಗ ಗೊತ್ತಿತ್ರಿ ಅಮ್ಮಾರ. ನೋಡಿದ ಕೂಡ್ಲೇ ಗೊತ್ತಾತು. ಕೇಳಾಕ ಬಾಯಿ ಬರಲಿಲ್ಲ."

ನಾಗಲಕ್ಷ್ಮಮ್ಮ ಕತ್ತರಿ ಕೆಳಗಿಟ್ಟರು. "ಬಾಯಿ ಬರ್ದಿದ್ರೆ ಕೌಂಟರ್ ಹೆಂಗಮ್ಮ ನಡೆಯುತ್ತೆ?"

ಅವರು ಬೈದಿರಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಾರನೆಯ ಬೆಳಗ್ಗೆ ಉಮಾಶ್ರೀ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗಂಗಾ ಪಾಠ ಉರುಹೊಡೆಯುತ್ತಿದ್ದಳು. "ಆಸ್ ಕೋಲ್ಡ್ ಆಸ್ ಐಸ್. ಆಸ್ ಬ್ಯುಸಿ ಆಸ್ ಎ ಬೀ..."

"ಏನವಾ ಅದು, ಆಸ್ ಆಸ್ ಅಂತ? ಗಿರಣಿ ಪಟ್ಟಾ ಬಡದಂಗ!"

"ಅಯ್ಯೋ ಅಮ್ಮಾ, ಎರಡೂ ಒಂದೇ ಥರ ಅಂತ ಹೇಳಕ್ಕೆ. ಈಗ ನೋಡು, ನಿನ್ ರೊಟ್ಟಿ ಈಸ್ ಆಸ್ ಬಿಗ್ ಆಸ್ ಮೈ ಫೇಸ್."

"ಒಂದ ಥರ ಇಲ್ಲಂದ್ರ?"

"ಮುಂದೆ ನಾಟ್ ಹಾಕೋದು. ಐ ಆಮ್ ನಾಟ್ ಆಸ್ ಟಾಲ್ ಆಸ್ ಯೂ. ನಿನ್ನಷ್ಟು ಎತ್ತರ ಇಲ್ಲ, ಅಷ್ಟೇ. ಕುಳ್ಳಿ ಅಂತ ಯಾರೂ ಅನ್ನಂಗಿಲ್ಲ."

ಉಮಾಶ್ರೀಯ ಕೈ ನಿಂತಿತು. ಕುಳ್ಳಿ ಎನ್ನದೆ ಅಳತೆ ಹೇಳಬಹುದು. ಕನ್ನಡದಲ್ಲಿ ದಿನಕ್ಕೆ ನೂರು ಸಲ ತಾನೂ ಹಾಗೆಯೇ ಹೇಳಿಕೊಂಡು ಬಂದವಳು. ಇಂಗ್ಲಿಷಿನವರಿಗೂ ಅಂಥದ್ದೊಂದು ದಾರಿ ಇರುತ್ತದೆಂದು ಹೊಳೆದೇ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾಯಿತು.

"ಏಳು, ಡೈರಿ ತಗೊಂಡು ಬಾ ಲಗೂನ."

ಗಂಗಾಳ ಜ್ವರದ ಔಷಧಿ, ಗ್ಯಾಸು ಬಂದ ದಿನ, ಮಗಳು ಮೊದಲ ಹಲ್ಲು ಕಳೆದುಕೊಂಡ ಸಂಜೆ ಎಲ್ಲ ಬರೆದಿಟ್ಟಿದ್ದ ಡೈರಿಯಲ್ಲಿ ಹಿಟ್ಟಿನ ಕೈಯಲ್ಲೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು: ಆಸ್ ಲಾಂಗ್ ಆಸ್ ದಿಸ್. ಆಸ್ ಲೂಸ್ ಆಸ್ ದಿಸ್. ನಾಟ್ ಆಸ್ ಟೈಟ್. ನಾಟ್ ಆಸ್ ಡೀಪ್. ಶಾಲೆಯವರೆಗೂ ತಾಯಿ ಮಗಳು ಕಂಡಕಂಡದ್ದನ್ನೆಲ್ಲ ಹೋಲಿಸುತ್ತಾ ನಡೆದರು. "ದಿಸ್ ಆಟೋ ಈಸ್ ಆಸ್ ಸ್ಲೋ ಆಸ್ ಅಪ್ಪಾ ಆನ್ ಸಂಡೇ," ಎಂದಳು ಗಂಗಾ. ಉಮಾಶ್ರೀ ನಡುರಸ್ತೆಯಲ್ಲಿ ನಿಂತು ನಕ್ಕಳು.

ಅಂಗಡಿಗೆ ಬಂದವಳೇ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. "ಮೇಡಂ, ಟೇಲರ್. ಪ್ಲೀಸ್ ಕಮ್. ಬೇಬಿ ಆಲ್ಸೋ ಕಮ್."

ಮಧ್ಯಾಹ್ನ ಇಂದ್ರಾಣಿ ಮಗುವನ್ನು ಎದೆಗೆ ಕಟ್ಟಿಕೊಂಡು ಬಂದರು. ನಾಗಲಕ್ಷ್ಮಮ್ಮ ಕುರ್ಚಿಯಿಂದಲೇ ಕೈಚಾಚಿ, "ಕೊಡಮ್ಮ ಇಲ್ಲಿ, ಏನು ಗುಂಡಪ್ಪ, ನಿನ್ನಿಂದ ಎಷ್ಟು ತಾಪತ್ರಯ ನೋಡು," ಎಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು.

ಉಮಾಶ್ರೀ ಅಳತೆ ಬ್ಲೌಸನ್ನು ಮುಟ್ಟಲಿಲ್ಲ. ಇಂದ್ರಾಣಿ ಹಾಕಿಕೊಂಡಿದ್ದ ಕುರ್ತಾದ ತುದಿ ಹಿಡಿದಳು.

"ಮೇಡಂ, ಬ್ಲೌಸ್... ಆಸ್ ಲೂಸ್ ಆಸ್ ದಿಸ್?"

ಇಂದ್ರಾಣಿ ಕುರ್ತಾ ನೋಡಿಕೊಂಡರು, ಇವಳ ಮುಖ ನೋಡಿದರು. ನಗು ಬಂದುಬಿಟ್ಟಿತು. "ನೋ, ನೋ! ನಾಟ್ ಆಸ್ ಲೂಸ್ ಆಸ್ ದಿಸ್!" ಎಂದು ಪಕ್ಕೆಯಲ್ಲಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ಇಷ್ಟು.

"ಸ್ಲೀವ್ ಆಸ್ ಲಾಂಗ್ ಆಸ್ ಓಲ್ಡ್?"

"ಯೆಸ್."

"ಬ್ಯಾಕ್ ನಾಟ್ ಆಸ್ ಡೀಪ್?"

"ಆಸ್ ಡೀಪ್!" ಇಂದ್ರಾಣಿ ಕೈಜೋಡಿಸಿದರು. "ಪ್ಲೀಸ್! ಆಸ್ ಡೀಪ್ ಆಸ್ ಬಿಫೋರ್!"

ಒಳಗಿನಿಂದ ನಾಗಲಕ್ಷ್ಮಮ್ಮ, "ಡೀಪ್ ಅಂದ್ರೆ ನಂಗೂ ಗೊತ್ತಾಯ್ತು, ಹೊಲಿ, ಹೊಲಿ," ಎಂದರು.

ಉಮಾಶ್ರೀ ಮಷೀನಿನ ಮುಂದೆ ಕೂತಳು. ಪಕ್ಕೆಯ ಹೊಲಿಗೆ ಬಿಚ್ಚಿದಳು, ತೋಳಿನದು ಬಿಚ್ಚಿದಳು. ಒಳಗೆ ಎರಡೆರಡು ಬೆರಳು ಬಟ್ಟೆ ಮಡಚಿ ಕೂತಿತ್ತು. ಒಂದು ಗಂಟೆಯೂ ಹಿಡಿಯಲಿಲ್ಲ. ಪರದೆಯ ಹಿಂದಿನಿಂದ ಈ ಸಲ ಹುಕ್ಕು ಹಾಕಿಕೊಳ್ಳುವ ಸಣ್ಣ ಸದ್ದು ಕೇಳಿತು, ಒಂದಾದ ಮೇಲೆ ಒಂದು. ಇಂದ್ರಾಣಿ ಹೊರಬಂದು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. ಎಷ್ಟೋ ತಿಂಗಳಿಂದ ಕನ್ನಡಿ ನೋಡದವರ ಹಾಗೆ ನೋಡಿದರು. ಉದ್ದಕ್ಕೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಅರ್ಧ ಉಮಾಶ್ರೀಗೆ ತಿಳಿಯಲಿಲ್ಲ. ಕೈ ಹಿಡಿದುಕೊಂಡದ್ದು ತಿಳಿಯಿತು.

ಅವರು ಹೋದ ಮೇಲೆ ನಾಗಲಕ್ಷ್ಮಮ್ಮ ಕೇಳಿದರು, "ರೇಷ್ಮೆ ಪೀಸ್‌ನಲ್ಲಿ ಅಷ್ಟೊಂದು ಒಳಗೆ ಯಾಕೆ ಬಿಟ್ಟಿದ್ದೆ? ನಾನು ಹೇಳಿರ್ಲಿಲ್ವಲ್ಲ."

"ಗಂಗಾ ಹುಟ್ಟಿದಾಗ ನನ್ನ ಬ್ಲೌಸ್ ಒಂದೂ ಆಗ್ತಿದ್ದಿಲ್ರಿ. ಒಂದು ವರ್ಷ ಸೆರಗು ಹೊದ್ದುಕೊಂಡ ಅಡ್ಡಾಡಿದೆ. ಬಾಯಿಗಿ ಬರದಿದ್ರೂ ಕೈ ಅಷ್ಟಾದ್ರೂ ಮಾಡ್ಲಿ ಅಂತ ಬಿಟ್ಟಿದ್ದೆ."

ನಾಗಲಕ್ಷ್ಮಮ್ಮ ಫೋನು ತೆಗೆದುಕೊಂಡರು.

"ಸಂಜೀವಯ್ಯನವರೇ, ನಮಸ್ಕಾರ. ಅಂಗಡಿಗೆ ಬೇರೆಯವರನ್ನ ನೋಡ್ಬೇಡಿ... ಮಂಡಿನಾ? ಅದೇನು ವಾಸಿಯಾಗೋ ಮಂಡಿನಾ ಸಾರ್, ಹಂಗೇ ಇದೆ. ನಾನು ಒಳಗೆ ಕೂತ್ಕೋತೀನಿ... ಹೂಂ, ಹುಡುಗಿ ಇದಾಳೆ. ಮುಂದೆ ಅವಳೇ."

ಆ ಮಾತು ಕೇಳಿಸಿತೋ ಇಲ್ಲವೋ, ಉಮಾಶ್ರೀ ತಲೆಯೆತ್ತಲಿಲ್ಲ. ಅವಳ ಮುಂದೆ ಕಾಲೇಜಿನ ಹುಡುಗಿಯೊಬ್ಬಳು ಹಳೆಯ ಬ್ಲೌಸ್ ಇಟ್ಟು ಹೊರಡುವುದರಲ್ಲಿದ್ದಳು.

"ಒಂದು ನಿಮಿಷ ನಿಲ್ಲವಾ," ಎಂದಳು ಉಮಾಶ್ರೀ. "ಇದನ್ನ ಯಾವಾಗ ಹೊಲಿಸಿದ್ದಿ?"