ಅಕ್ಕನ ಇಸ್ತ್ರಿಪೆಟ್ಟಿಗೆ, ತಮ್ಮನ ತಾಮ್ರದ ಹಲಗೆ

ಅಂಗಡಿಯ ಪ್ಲಗ್ ಇದ್ದದ್ದು ಒಳಗೋಡೆಯಲ್ಲಿ. ಹಾಗಾಗಿ ಅಕ್ಕ ಬಾಗಿಲಿಗೆ ಬೆನ್ನು ಹಾಕಿಯೇ ಬಟ್ಟೆ ಇಸ್ತ್ರಿ ಮಾಡಬೇಕಿತ್ತು. ಅದೇ ಕೋಣೆಯ ಮೂಲೆಯಲ್ಲಿ ತಮ್ಮನ ರೇಡಿಯೊ ರಿಪೇರಿ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಈಗ ಅವನ ಮೀಸೆಯೂ ನರೆತಿತ್ತು. ಅಕ್ಕನಿಗೆ ಮಾತ್ರ ಅವನಿನ್ನೂ ‘ಪುಟ್ಟ’.

ಒಮ್ಮೆ ಅವನು ಹೊರಗಿನ ಕೆಲಸ ಮುಗಿಸಿ ಬರುವಾಗ ಎದುರುಮನೆಯಾಕೆ ಬಟ್ಟೆಗಂಟು ಹೊತ್ತು ವಾಪಸು ಹೋಗುತ್ತಿದ್ದಳು. ಎಷ್ಟು ಕೂಗಿದರೂ ನಿಮ್ಮಕ್ಕ ತಿರುಗಲಿಲ್ಲ, ಜಂಬ ಬಂದಿದೆ ಎಂದು ಮುಖ ಊದಿಸಿಕೊಂಡು ಹೇಳಿದಳು. ತಮ್ಮನ ಎದೆಗೆ ಮುಳ್ಳು ಚುಚ್ಚಿದಂತಾಯಿತು. ಅಕ್ಕನ ಕಿವಿ ಮಂದವಾಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಅವಳೋ, ಜನರೆಲ್ಲ ಈಗೀಗ ಪಿಸುಗುಟ್ಟುತ್ತಾರೆಂದು ಊರಿನ ಮೇಲೇ ತಪ್ಪು ಹೊರಿಸುತ್ತಿದ್ದಳು.

ಬಾಗಿಲಲ್ಲೊಂದು ಒತ್ತುವ ಗುಂಡಿ, ಅದನ್ನು ಒತ್ತಿದರೆ ಹೊತ್ತುವ ದೀಪವೊಂದು ಅಕ್ಕನ ಕಣ್ಣೆದುರು ಇದ್ದರೆ ಸಾಕು ಎಂದು ಅವನಿಗೆ ಹೊಳೆಯಿತು. ಆದರೆ ಫಕ್ಕನೆ ಹೊತ್ತಿಕೊಂಡರೆ ಅವಳು ಬೆಚ್ಚಿ ಕೈ ಸುಟ್ಟುಕೊಂಡಾಳು. ದೀಪ ಮೆಲ್ಲಗೆ ಬೆಳಗಬೇಕು. ಅಂಥದ್ದು ಅಂಗಡಿಯಲ್ಲಿ ಸಿಗದು, ತಾನೇ ಮಾಡಬೇಕು.

ಸರ್ಕ್ಯೂಟಿನ ಗೆರೆಗಳನ್ನು ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ಹಾಕಿಸಿಕೊಂಡು ಬಂದ. ಅದನ್ನು ತಾಮ್ರದ ಪದರವಿರುವ ಹಲಗೆಯ ಮೇಲೆ ಬೋರಲಿಟ್ಟು ಬಿಸಿ ಮಾಡಿದರೆ ಕರಗಿದ ಟೋನರ್ ಮಸಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದರೆ ಗೆರೆಯ ಅಡಿಯ ತಾಮ್ರ ಉಳಿದು, ಮಿಕ್ಕದ್ದು ಕರಗಿ ಹೋಗುತ್ತದೆ. ಅಕ್ಕ ಊಟಕ್ಕೆ ಹೋದಾಗ ಅವಳ ಇಸ್ತ್ರಿಪೆಟ್ಟಿಗೆಯನ್ನೇ ತೆಗೆದುಕೊಂಡ. ಮೊದಲ ಸಲ ಚಿತ್ರವನ್ನು ತಿರುಗಿಸಿ ಪ್ರಿಂಟ್ ಹಾಕಿಸಲು ಮರೆತು ಎಲ್ಲ ಎಡಬಲ ಅದಲುಬದಲಾಯಿತು. ಎರಡನೆಯ ಸಲ ಪೆಟ್ಟಿಗೆಯನ್ನು ಉಜ್ಜಿದ್ದರಿಂದ ಗೆರೆಗಳು ಕಲಸಿ ಹೋದವು. ಪೆಟ್ಟಿಗೆಯ ತಳಕ್ಕೂ ಮಸಿ ಮೆತ್ತಿತು.

ಆ ಮಸಿ ಒಂದು ಬಿಳಿ ಅಂಗಿಗೆ ಹತ್ತಿದಾಗ ಅಕ್ಕ ತಿರುಗಿ ನೋಡಿದಳು. ಅವನು ತಲೆ ತಗ್ಗಿಸಿ ಹಲಗೆ ತೋರಿಸಿದ. ಅವಳು ಬೈಯಲಿಲ್ಲ. ತಳವನ್ನು ಒರೆಸಿ, ಹೊಸ ಕಾಗದವನ್ನು ತಾನೇ ಇಟ್ಟಳು.

“ಉಜ್ಜಬೇಡ ಪುಟ್ಟ, ಒತ್ತು. ಉಜ್ಜಿದ್ರೆ ಬಟ್ಟೆ ನೆರಿಗೆನೂ ಜರುಗುತ್ತೆ.”

ಒತ್ತಿ, ಎತ್ತಿ, ಪಕ್ಕಕ್ಕಿಟ್ಟು ಮತ್ತೆ ಒತ್ತಿದಳು. ನೀರಲ್ಲಿ ನೆನೆಸಿ ಕಾಗದವನ್ನು ತಿಕ್ಕಿ ತೆಗೆದರೆ, ಗೆರೆಗಳು ಕಾಡಿಗೆ ತೀಡಿದ ಹಾಗೆ ನಿಂತಿದ್ದವು.

“ಇದು ಯಾತಕ್ಕೋ?” ಎಂದು ಕೇಳಿದಳು.

ಹೇಳಿದ. ಅಕ್ಕ ಹಲಗೆಯ ಗೆರೆಗಳ ಮೇಲೆ ಬೆರಳಾಡಿಸಿದಳು.

“ನಂಗೆ ಕೇಳಲ್ಲ ಅಂತ ಗೊತ್ತಿತ್ತಾ ನಿಂಗೆ?”

“ಹೂಂ.”

“ಮತ್ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ವಾರವೇ ದೀಪ ಕೂತಿತು. ಯಾರಾದರೂ ಗುಂಡಿ ಒತ್ತಿದರೆ ಅದು ಬೆಳಗಾದಂತೆ ನಿಧಾನವಾಗಿ ಬೆಳಗುತ್ತಿತ್ತು. ಅಕ್ಕ ಪೆಟ್ಟಿಗೆಯನ್ನು ಕೆಳಗಿಟ್ಟು ತಿರುಗುತ್ತಿದ್ದಳು. ಕಿವಿ ಮಂದ, ಗುಂಡಿ ಒತ್ತಿ ಎಂದು ಗಿರಾಕಿಗಳಿಗೆ ಅವಳೇ ಹೇಳತೊಡಗಿದಳು. ಒಂದು ಸಂಜೆ ತಮ್ಮನ ಸ್ಟೂಲನ್ನೂ ತನ್ನ ಮೇಜಿನ ಆಚೆ ಬದಿಗೆ ಎಳೆದು ಹಾಕಿದಳು.

“ಇಲ್ಲಿ ಕೂತು ಮಾತಾಡು. ಬಾಯಿ ಕಾಣೋ ಹಾಗೆ.”

ಅವನು ಬೆಸುಗೆ ಕಡ್ಡಿಯನ್ನು ಆರಿಸಿ, ಎದ್ದು ಬಂದು ಕೂತ.